ಹತ್ತನೇ ನಂಬರ್ ಶೂ

ಆ ಶೂನ ಯಾಕೆ ಹಾಗೆ ತಿರುಗಿಸಿ ತಿರುಗಿಸಿ ನೋಡ್ತೀರಾ? ಅಲ್ಲಿಗೇ ಬರ್ತಾ ಇದೀನಿ, ಇರಿ. ನೀವು ನಿಮ್ಮ ಪಾಡಿಗೆ ಪಾಲಿಶ್ ಮಾಡ್ಕೊಳ್ಳಿ. ಭಾನುವಾರ ಸಾಯಂಕಾಲ ಅಂದ್ರೆ ನಿಮಗೆ ಪಾಲಿಶ್ ಡಬ್ಬಿ, ನಂಗೆ ಸೊಪ್ಪಿನ ಕಟ್ಟು. ಬೆಟ್ಟ ಹತ್ತಿ ಇಳಿದು ಬಂದಿದಾಳೆ ಪಾಪ ಅಂತ ದಂಟಿನ ಸೊಪ್ಪು ತನ್ನನ್ನ ತಾನೇ ಬಿಡಿಸ್ಕೊಳ್ಳುತ್ತಾ? ಎಲ್ಲಿದ್ದೆ ನಾನು... ಹಾಂ, ಮೆಟ್ಟಿಲು.

ಅಂತರಗಂಗೆಗೆ ಮೆಟ್ಟಿಲಿದೆ ಅಂದ್ರು, ಎಷ್ಟಿದೆ ಅಂತ ಒಬ್ರೂ ಹೇಳ್ಲಿಲ್ಲ. ನೂರರವರೆಗೂ ಎಣಿಸ್ದೆ. ಆಮೇಲೆ ಎಣಿಸೋದು ಬಿಟ್ಟು ರಾಮಾ ರಾಮಾ ಅಂತ ಹತ್ತಿದೆ. ಯಾಕೆ ನಗ್ತೀರಾ? ನೀವಾಗಿದ್ರೆ ಕೋಲಾರದ ಬಸ್ ಸ್ಟ್ಯಾಂಡಲ್ಲೇ ಬೆಂಚು ಹುಡುಕ್ತಿದ್ರಿ. 'ಅಮ್ಮ ಜೊತೇಲಿದ್ರೆ ಕ್ಯಾಂಪು, ಇಲ್ದಿದ್ರೆ ಇಲ್ಲ' ಅಂತ ಮಗಳಿಗೆ ಕಾನೂನು ಮಾಡಿದ್ದು ಯಾರು? ಇವಳಿಗೆ ಮಂಡಿ ನೋವು, ಹೇಗೂ ಬರಲ್ಲ ಅಂತಾಳೆ, ಹಾವೂ ಸಾಯತ್ತೆ ಕೋಲೂ ಮುರಿಯಲ್ಲ ಅಂದ್ಕೊಂಡ್ರಿ. ನಂಗೊತ್ತಿಲ್ವಾ ಜಗನ್ನಾಥ ರಾಯರ ಲೆಕ್ಕಾಚಾರ.

ಪಾಪ, ಅಮ್ಮು ಕೇಳಿದ್ದಾದ್ರೂ ಏನು? ಮುಂದಿನ ಭಾನುವಾರ ಕೆಂಗೇರಿ ಉಪನಗರದೋರು ಹುಡುಗಿ ನೋಡೋಕೆ ಬರ್ತಾರೆ, ಅದಕ್ಕೆ ಮುಂಚೆ ಒಂದ್ಸಲ ನಮ್ಮ ಸ್ಕೂಲಿನ ಬೇರೆ ಮೇಡಂಗಳ ಜೊತೆ ಬೆಟ್ಟಕ್ಕೆ ಹೋಗ್ಬರ್ತೀನಿ ಅಂತ. ಅಷ್ಟೇ ತಾನೇ? ನೀವು ಆ ಸಂಬಂಧದೋರಿಗೆ ಫೋನ್ ಮಾಡಿದ ದಿನದಿಂದ ಮಗು ಸರಿಯಾಗಿ ಊಟ ಮಾಡಿಲ್ಲ. ಅದು ನಿಮ್ಮ ಕಣ್ಣಿಗೆ ಬಿತ್ತೋ ಇಲ್ವೋ. ನನ್ನ ಕಣ್ಣಿಗೆ ಬಿತ್ತು. ಅದಕ್ಕೇ ಮಂಡಿಗೆ ಎಣ್ಣೆ ಹಚ್ಕೊಂಡು ಹೊರಟೆ.

ಚೂಡಿದಾರ ಹಾಕಿದ್ದೆ, ಹೌದು. ಅಮ್ಮೂದು. ಇಪ್ಪತ್ತಾರು ವರ್ಷ ಆದ್ಮೇಲೆ ಹೆಂಡತೀನ ಹೊಸ ವೇಷದಲ್ಲಿ ನೋಡೋ ಯೋಗ ನಿಮಗಿರ್ಲಿಲ್ಲ ಬಿಡಿ. ಕ್ಯಾಮೆರಾ ರೀಲ್ ತೊಳೆದು ಬರ್ಲಿ, ಫೋಟೋ ತೋರಿಸ್ತೀನಿ. ಟೆಂಟಲ್ಲಿ ನಾನು, ಅಮ್ಮು, ಪಿ.ಟಿ. ಮೇಡಂ ಜಗದಾಂಬಾ. ಅವಳ ಗೊರಕೆಗೆ ಕೋತಿಗಳೂ ನಮ್ಮ ಕಡೆ ಸುಳೀಲಿಲ್ಲ. ಬೆಳಿಗ್ಗೆ ತಿಂಡಿ ಮಾತ್ರ... ಜೋಳದ ರೊಟ್ಟಿ, ಎಣ್ಣೆಗಾಯಿ, ಹುಚ್ಚೆಳ್ಳು ಚಟ್ನಿಪುಡಿ. ಅವನು ಗುರೆಳ್ಳು ಅಂತಾನೆ. ಅವರ ತಾಯಿ ಮಾಡಿ ಕಟ್ಟಿಕೊಟ್ಟಿದ್ದು. ನಾನು ನಾಲ್ಕು ರೊಟ್ಟಿ ತಿಂದೆ ಅಂತ ಅಮ್ಮು ಹೇಳಿದ್ರೆ ನಂಬ್ಬೇಡಿ, ಮೂರೂವರೆ.

ಅವನು ಅಂದ್ರೆ ಗೈಡು ಕಣ್ರೀ. ಅಮರೇಶ ಅಂತ. ವಾರವೆಲ್ಲ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಲೇತ್ ಕೆಲಸ, ರಜಾ ಬಂದ್ರೆ ಹೀಗೆ ಜನಾನ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾನೆ. ರಾಯಚೂರು ಕಡೆಯೋನು. ಈಗ ಕುರುಬರಹಳ್ಳೀಲಿ ಮನೆ. ಅಪ್ಪ ಅಮೀನಪ್ಪ, ತಾಯಿ ದುರ್ಗವ್ವ, ತಂಗಿ ಒಬ್ಳು ಬಿ.ಕಾಂ. ಓದ್ತಾ ಇದಾಳೆ, ಸೌಮ್ಯ ಸ್ವಭಾವದ ಹುಡುಗಿಯಂತೆ... ಹುಬ್ಬು ಯಾಕೆ ಮೇಲಕ್ಕೆ ಹೋಯ್ತು? ಬಸ್ಸಲ್ಲಿ ಅಷ್ಟೊತ್ತು ಕೂತು ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಆಗುತ್ತಾ? ಕೇಳ್ದೆ, ಹೇಳ್ದ.

ಗುಹೆ ಕಥೆ ಕೇಳಿ. ಗುಹೆ ಅಂದ್ರೆ ಒಳಗೊಬ್ಬ ಋಷಿ ಕೂತಿರ್ತಾನೆ ಅಂದ್ಕೊಂಡಿದ್ದೆ. ಹಾಗಲ್ಲ. ಮನೆ ಮನೆಯಷ್ಟು ಬಂಡೆ ಒಂದರ ಮೇಲೊಂದು ಬಿದ್ದಿದೆ, ಮಧ್ಯ ಸಂದು. ಈ ಕಡೆ ನುಗ್ಗಿದ್ರೆ ಆ ಕಡೆ ಆಚೆ ಬರ್ತೀವಿ. ನುಗ್ಗೋ ಬಾಯಲ್ಲಿ ಯಾರೋ ಪುಣ್ಯಾತ್ಮರು ಒಂದು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕಣಗಿಲೆ ಹೂವಿಟ್ಟಿದ್ರು. ಅದನ್ನ ನೋಡಿದ್ಮೇಲೂ ಚಪ್ಪಲಿ ಕಾಲಲ್ಲಿ ಹೇಗ್ರೀ ದಾಟೋದು? ಬಿಟ್ಟೆ. ಪಕ್ಕದಲ್ಲಿ ಜೋಡಿಸಿ ಬಿಟ್ಟೆ. ಅವನು ಹೇಳ್ದ, ಪಾಪ. 'ಅಮ್ಮಾರ, ವಾಪಸ್ ಈ ಕಡೆ ಬರೂದಿಲ್ರಿ, ಹಾಕ್ಕೊಂಡ ಬರ್ರಿ' ಅಂತ. ಕೇಳಿದ್ನಾ ನಾನು? ಇಲ್ಲ. ದೇವರ ಮುಂದೆ ಚಪ್ಪಲಿ ಬಿಡೋಕೆ ನಂಗೆ ಗೈಡ್ ಬೇಕಾ ಅಂದೆ.

ಒಳಗೆ ಒಂದು ಕಡೆ ಹೊಟ್ಟೆ ಮೇಲೆ ತೆವಳಬೇಕು. ನಮ್ಮ ಅಟ್ಟದ ಬಾಗಿಲಿಗಿಂತ ಚಿಕ್ಕದು. ಅರ್ಧ ಹೋದೆ... ಅಷ್ಟೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಗ್ಬೇಡಿ ರೀ, ನಿಜವಾಗ್ಲೂ ಪ್ರಾಣ ಬಾಯಿಗೆ ಬಂದಿತ್ತು. ಹಿಂದಿನಿಂದ ಜಗದಾಂಬಾ ತಳ್ತಾಳೆ, ಮುಂದಿನಿಂದ ಅಮ್ಮು 'ಉಸಿರು ಬಿಡಮ್ಮಾ' ಅಂತ ಅಳ್ತಾಳೆ. ಅವನೊಬ್ಬನೇ ಸಮಾಧಾನವಾಗಿ, 'ಅವಸರ ಇಲ್ರಿ ಅಮ್ಮಾರ. ಕಲ್ಲೂ ಎಲ್ಲೀ ಹೋಗೂದಿಲ್ಲ, ನಾವೂ ಹೋಗೂದಿಲ್ಲ. ನಿಮ್ಮ ಮನ್ಯಾಗ ಹುಳಿ ಹೆಂಗ ಮಾಡ್ತೀರಿ, ಹೇಳ್ರಿ' ಅಂದ. ಹುಳಿ! ಅಲ್ಲಿ, ಆ ಸಂದಲ್ಲಿ! ನಾನು ಬೇಳೆ ತೊಳೆದು, ಕುಕ್ಕರ್ ಕೂಗಿಸಿ, ಹುಣಸೆಹಣ್ಣು ಕಿವುಚಿ, ಒಗ್ಗರಣೆಗೆ ಬರೋಷ್ಟರಲ್ಲಿ ಆಚೆ ಬಂದ್ಬಿಟ್ಟಿದ್ದೆ. ಇಂಗು ಹಾಕೋದು ಬಾಕಿ ಇತ್ತು.

ಆಮೇಲೆ ಹಜಾರದ ಹಾಗೆ ಅಗಲವಾದ ಒಂದು ಜಾಗ ಬರುತ್ತೆ. ಅಲ್ಲಿ ಎಲ್ಲರೂ ಟಾರ್ಚ್ ಆರಿಸ್ಬೇಕಂತೆ, ಒಂದು ನಿಮಿಷ. ಕತ್ತಲು ಅಂದ್ರೆ ಏನು ಅಂತ ಗೊತ್ತಾಗ್ಲಿ ಅಂತ. ಆರಿಸಿದ್ವಿ. ಮತ್ತೆ ಹಚ್ಚಿದ್ವಿ. ಅಷ್ಟೇ ಕಣ್ರೀ, ಅದರಲ್ಲಿ ಹೇಳೋಕೆ ಏನಿದೆ... ಈ ದಂಟು ನೋಡಿ, ಎಷ್ಟು ಬಲ್ತೋಗಿದೆ. ನಾನಿಲ್ದೆ ಇದ್ರೆ ಅಂಗಡಿಯೋನು ನಿಮಗೆ ಕೊಡೋದು ಇಂಥದ್ದೇ.

ಆಚೆ ಬಂದ್ರೆ ಬಿಸಿಲು, ಚೂಪು ಕಲ್ಲು, ಮುಳ್ಳು. ಚಪ್ಪಲಿ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ. ಅವನು ಓಡಿ ಹೋಗಿ ನೋಡ್ಕೊಂಡು ಬಂದ. ಒಂದು ಕೋತಿ ಪಾಲಾಗಿತ್ತು, ಇನ್ನೊಂದರಿಂದ ಏನು ಪ್ರಯೋಜನ? ಆಗ ಜಗದಾಂಬಾ ತನ್ನ ಶೂ ಬಿಚ್ಚಿ ಕೊಟ್ಲು. ಹೂಂ, ಜಗದಾಂಬಾದೇ ಅದು. ಹತ್ತನೇ ನಂಬರು. ಪಿ.ಟಿ. ಮೇಡಂ ಕಾಲು ದೊಡ್ಡದಿರಲ್ವಾ ಮತ್ತೆ? ಒಂದೊಂದೂ ಒಂದೊಂದು ಕಲ್ಲುಗುಂಡಿನ ಭಾರ, ಮೂತಿಗೆ ಕಬ್ಬಿಣ ಬೇರೆ. ನನ್ನ ಕಾಲು ಒಳಗೆ ಲೊಡ ಲೊಡ ಅಂತಿತ್ತು. ನಮ್ಮ ಮದುವೇಲಿ ಉಲ್ಟಾ ಆಗಿತ್ತಲ್ಲ, ನೆನಪಿದೆಯಾ? ಕಾಶಿಯಾತ್ರೆಗೆ ನಮ್ಮಪ್ಪ ನಿಮಗೆ ಛತ್ರಿ ಚಪ್ಪಲಿ ಕೊಟ್ರು, ಚಪ್ಪಲಿ ಒಂದಿಂಚು ಚಿಕ್ಕದು. ನಾಲ್ಕು ಹೆಜ್ಜೆ ಕುಂಟಿ, 'ಕಾಶಿ ಬೇಡ, ಹುಡುಗೀನೇ ಸಾಕು' ಅಂತ ಅಪ್ಪ ಕರೆಯೋಕೆ ಮುಂಚೇನೇ ವಾಪಸ್ ಬಂದ್ರಲ್ಲ. ಛತ್ರ ಪೂರ್ತಿ ನಕ್ಕಿತ್ತು.

ಇಲ್ಲಿ ಮಾತ್ರ ನಾನು ಕಾಶಿಗೇ ಹೊರಟೋಳ ಹಾಗೆ ಶೂ ಹಾಕ್ಕೊಂಡು ಹೊರಟೆ, ಪಾಪ ಬರಿಗಾಲಲ್ಲಿ ಅಷ್ಟು ಬೆಟ್ಟ ಇಳೀತು ಅದು. ನಾನು ಬೇಡಪ್ಪಾ ಅಂದ್ರೆ, 'ನಮ್ಮವ್ವ ಇಪ್ಪತ್ತು ವರ್ಷ ಬರಿಗಾಲಾಗ ಇಟ್ಟಂಗಿ ಹೊತ್ತಾಳ್ರಿ, ನನಗೇನಾಗೂದಿಲ್ಲ' ಅಂತ...

ಅಂತ ಜಗದಾಂಬಾ...

ಮೈಸೂರು ಕಡೆ ಜಗದಾಂಬಾ ಇಟ್ಟಿಗೇನ ಇಟ್ಟಂಗಿ ಅಂತಾಳಾ ಅಂತ ನೋಡ್ತೀರಾ? ಅಂದ್ಳಪ್ಪ. ಏನೋ ಅಂದ್ಳು. ನಾನೇನು ಬರ್ಕೊಂಡ್ನಾ?

ಬ್ರಶ್ ಸದ್ದು ಯಾಕೆ ನಿಂತೋಯ್ತು?

ಏನ್ರೀ ಅದು ಕೈಯಲ್ಲಿ? ನಿಮ್ಮ ಶೂ ಅಲ್ಲಿ ಮುಗ್ದು ಕೂತಿದೆ. ಇದು... ಇದನ್ಯಾಕೆ ಪಾಲಿಶ್ ಮಾಡಿದ್ರಿ? ಕೆಂಪು ಮಣ್ಣೆಲ್ಲ ಹೋಗಿ ಫಳಫಳ ಅಂತಿದೆ. ಏನು, ಒಳಗಾ? ಶೂ ನಾಲಿಗೆ ಒಳಗಾ? ಇರಿ, ಕನ್ನಡಕ... 'ಅಮರೇಶ ಎ., ಟೋಕನ್ ೪೧೭.'

ಹೌದಲ್ಲ. ನೀವೂ ಮೂವತ್ತು ವರ್ಷದಿಂದ ಫ್ಯಾಕ್ಟರಿ ಶೂ ನಾಲಿಗೆ ಮೇಲೆ ಹೆಸರು, ಟೋಕನ್ ನಂಬರ್ ಬರ್ಕೊಂಡೇ ಬಂದೋರು, ಅದಲು ಬದಲಾಗ್ಬಾರ್ದು ಅಂತ. ನಂಗೆ ಹೊಳೀಲೇ ಇಲ್ಲ. ಮೊದ್ಲೇ ಓದಿದ್ರಾ? ನಾನು ಬಾಗಿಲಲ್ಲಿ ಬಿಟ್ಟಾಗ್ಲೇ? ಮತ್ತೆ ಇಷ್ಟೊತ್ತು ನನ್ನ ಕೈಲಿ ಜಗದಾಂಬಾ ಜಗದಾಂಬಾ ಅಂತ ಪಾರಾಯಣ ಮಾಡಿಸಿದ್ರಾ?

ಸರಿ. ಹೇಳ್ತೀನಿ. ಹಾಗೆ ನೋಡ್ಬೇಡಿ, ಹೇಳ್ತೀನಿ.

ಟಾರ್ಚ್ ಆರಿಸಿದಾಗ ನಂಗೆ ಭಯ ಆಯ್ತು ರೀ. ಅಮ್ಮು ಕೈ ಹುಡುಕಿದೆ. ಸಿಕ್ತು. ಖಾಲಿ ಇರ್ಲಿಲ್ಲ. ಇನ್ನೊಂದು ಕೈ ಹಿಡ್ಕೊಂಡಿತ್ತು. ಒರಟು ಕೈ, ಕಬ್ಬಿಣದ ಕೆಲಸದ ಕೈ. ನಾನು ಈ ಮನೆಗೆ ಬಂದಾಗ ನಿಮ್ಮ ಕೈ ಇತ್ತಲ್ಲ, ಹಾಗೆ. ಅಮ್ಮು ಗಾಬರಿ ಬಿದ್ದು ಬಿಡಿಸ್ಕೊಳ್ಳೋಕೆ ಹೋದ್ಲು. ನಾನು ಬಿಡ್ಲಿಲ್ಲ. ಎರಡೂ ಕೈ ಸೇರಿಸಿ ಮೇಲಿಂದ ಗಟ್ಟಿಯಾಗಿ ಹಿಡ್ಕೊಂಡೆ, ಟಾರ್ಚ್ ಹಚ್ಚೋವರೆಗೂ. ಬಾಯಲ್ಲಿ ಒಂದು ಮಾತೂ ಆಡಿಲ್ಲ. ಆದ್ರೂ ಮಾತು ಕೊಟ್ಟ ಹಾಗೇ ಅಲ್ವಾ? ನಿಮ್ಮನ್ನ ಕೇಳ್ದೆ ಕೊಟ್ಬಿಟ್ಟೆ. ತಪ್ಪು ನಂದೇ.

ನಮ್ಮೋರಲ್ಲ, ಗೊತ್ತು. ಊಟ ಬೇರೆ, ಮಾತು ಬೇರೆ. ಕೆಂಗೇರಿಯೋರಿಗೆ ಏನು ಹೇಳೋದು, ನಿಮ್ಮ ಅಕ್ಕನಿಗೆ ಏನು ಹೇಳೋದು... ಎಲ್ಲ ಗೊತ್ತು. ನೀವು ಬೇಡ ಅಂದ್ರೆ ಅಮ್ಮು ಎದುರಾಡಲ್ಲ. ತಲೆ ಬಗ್ಗಿಸಿ ಹೂಂ ಅಂತಾಳೆ. ಅದೇ ರೀ ನಂಗೆ ಭಯ. ಏನಾದ್ರೂ ಹೇಳಿ. ಬೈಯೋದಾದ್ರೆ ಬೈದ್ಬಿಡಿ.

ಯಾಕೆ ಎದ್ರಿ? ಪೇಪರಲ್ಲಿ ಯಾಕೆ ಸುತ್ತುತಾ ಇದೀರಾ ಅದನ್ನ?

ಹೌದು, ನಾಳೆ ಅವನಿಗೆ ಬೆಳಿಗ್ಗೆ ಶಿಫ್ಟು. ಆ ಶೂ ಇಲ್ದೆ ಗೇಟ್ ಒಳಗೆ ಬಿಡಲ್ಲ, ಅದು ನಂಗಿಂತ ನಿಮಗೆ ಚೆನ್ನಾಗಿ ಗೊತ್ತು. ಕುರುಬರಹಳ್ಳಿಗೆ... ನೀವೇ ಹೋಗ್ತೀರಾ? ಈಗಲೇ? ಮನೆ ಎಲ್ಲಿ ಅಂತ ಅಮ್ಮೂನ್ನ ಕೇಳ್ಲಾ? ಬಚ್ಚಲಲ್ಲಿ ನೀರಿನ ಸದ್ದು ನಿಂತು ಎಷ್ಟೊತ್ತಾಯ್ತು, ಬಾಗಿಲ ಹಿಂದೇನೇ ಉಸಿರು ಹಿಡ್ಕೊಂಡು ನಿಂತಿರ್ತಾಳೆ ಕಳ್ಳಿ.

ರೀ, ಒಂದು ನಿಮಿಷ ನಿಲ್ಲಿ. ಬರೀ ಶೂ ತಗೊಂಡು ಹೋಗ್ತಾರಾ ಯಾರಾದ್ರೂ? ಮೂಲೇಲಿ ಛತ್ರಿ ಇದೆ ನೋಡಿ, ಹೊಸದು. ತಗೊಳ್ಳಿ. ಮಳೆ ಎಲ್ಲಿದೆ ಅಂತ ಆಕಾಶ ನೋಡ್ಬೇಡಿ, ಒಂದು ಚೂರು ಮೋಡ ಇಲ್ಲ, ನಂಗೂ ಕಾಣ್ತಿದೆ.

ಅದನ್ನೂ ಅವನಿಗೇ ಕೊಟ್ಟು ಬನ್ನಿ.