ತಾನೇ ಐರಾಣಿ ಎಂದ ಕುಂಬಾರ

ಒಂದೂರಲ್ಲಿ ಒಬ್ಬ ಕುಂಬಾರನಿದ್ದ. ಇವತ್ತು ಶ್ರೀಮಂತನ ಕಥೆ ಬೇಡ. ಹೋದ ಸೋಮವಾರದ ಪ್ರವಚನದಲ್ಲಿ ಅದನ್ನು ಕೇಳುತ್ತಲೇ ಅರ್ಧ ಜನ ನಿದ್ದೆ ಹೋಗಿದ್ದಿರಿ. ಈ ಕುಂಬಾರನ ಕೈ ಎಂಥ ಕೈ ಅಂತೀರಿ? ಅವನು ಮಾಡಿದ ಗಡಿಗೆಯ ನೀರು ಕುಡಿದರೆ ನಡು ಬೇಸಿಗೆಯಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು. ಯುಗಾದಿ ಕಳೆದ ಮೇಲೂ ಆ ಊರಿನವರು ಕಂಬಳಿ ಹೊದ್ದು ನೀರು ಕುಡಿಯುತ್ತಿದ್ದರು. ಸುಳ್ಳಲ್ಲ. ನೀವು ನಂಬಲಿ ಅಂತ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಕೈ ಬಂಗಾರ. ಬಾಯಿ? ಬಾಯಿ ಮಾತ್ರ ಗಡಿಗೆ ಸುಡುವ ಆವಿಗೆ. ಹತ್ತಿರ ಹೋದವರೆಲ್ಲ ಸುಟ್ಟುಕೊಂಡೇ ಬರಬೇಕು. ಬಾಗಿಲು ಬಡಿದರೆ ಒಳಗಿನಿಂದ ತಾನೇ ಕೂಗಿ, ತಾನು ಮನೆಯಲ್ಲಿಲ್ಲ ಎನ್ನುತ್ತಿದ್ದ. ಸ್ವಲ್ಪ ಅಗಲ ಬಾಯಿಯ ಗಡಿಗೆ ಕೇಳಿದವನಿಗೆ, ಅಗಲ ಬಾಯಿ ನಿನಗೇ ಇದೆಯಲ್ಲ, ಅದರಲ್ಲೇ ನೀರು ತುಂಬಿಸು ಎಂದಿದ್ದ. ಒಬ್ಬ ಹೆಂಗಸು ಸೋರುವ ಗಡಿಗೆಯನ್ನು ವಾಪಸು ತಂದಳು. ಇವನು ಕೂತಲ್ಲಿಂದ ಏಳಲೂ ಇಲ್ಲ.

"ಗಡಿಗಿ ಮಾಡಿದಾಂವ ನಾನು. ನೀರು ಹಾಕಿದಾಕಿ ನೀನು. ಸೋರಿದ್ದು ಯಾರಿಂದ?"

ಇಷ್ಟು ಸೊಕ್ಕು ಎಲ್ಲಿಂದ ಬಂತು? ನೋಡಿ, ನಮ್ಮ ಕಡೆ ಮದುವೆ ಅಂದರೆ ಐರಾಣಿ ಬೇಕೇಬೇಕು. ಐರಾಣಿ ಅಂದರೆ ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದ ಮದುವೆಯ ಗಡಿಗೆಗಳು. ಅವನ್ನು ಸಂತೆಯಲ್ಲಿ ಕೊಂಡು ಚೀಲಕ್ಕೆ ಹಾಕಿಕೊಂಡು ಬರುವಂತಿಲ್ಲ. ಮುತ್ತೈದೆಯರು ವಾದ್ಯ ಬಾರಿಸಿಕೊಂಡು ಕುಂಬಾರನ ಮನೆಗೇ ಹೋಗಬೇಕು, ಅಕ್ಕಿ ಬೆಲ್ಲ ಕೊಡಬೇಕು, ಗಡಿಗೆಗೆ ಆರತಿ ಬೆಳಗಿ ತಲೆಯ ಮೇಲೆ ಹೊತ್ತು ತರಬೇಕು. ಆರತಿ ಯಾರಿಗೆ? ಗಡಿಗೆಗೆ. ಗಡಿಗೆ ಎಲ್ಲಿತ್ತು? ಇವನ ಪಕ್ಕದಲ್ಲಿ. ಪಕ್ಕದಲ್ಲಿ ನಿಂತು ನಿಂತು ಇವನಿಗೆ ಏನನ್ನಿಸಿತು? ಈ ವಾದ್ಯ ತನ್ನದು, ಈ ಆರತಿ ತನ್ನದು, ಈ ಹೆಂಗಸರೆಲ್ಲ ಬಿಸಿಲಲ್ಲಿ ನಡೆದು ಬಂದದ್ದು ತನ್ನ ಮುಖ ನೋಡಲಿಕ್ಕೆ.

ಹೀಗಿರುವಾಗ ಒಂದು ದಿನ ಒಬ್ಬ ಸೋದರತ್ತೆ ಐರಾಣಿ ತರಲು ಬಂದಳು. ತಾಯಿಯಿಲ್ಲದ ಸೊಸೆಯನ್ನು, ತಮ್ಮನ ಮಗಳನ್ನು, ತಾನೇ ಸಾಕಿ ಬೆಳೆಸಿ ಮದುವೆಗೆ ನಿಲ್ಲಿಸಿದ್ದಳು. ಗಂಡಿನ ಕಡೆಯಲ್ಲಿ ಒಬ್ಬ ಹಿರಿಯನಿದ್ದ. ಪಾಯಸದಲ್ಲಿ ದ್ರಾಕ್ಷಿ ಎಡಕ್ಕೆ ತೇಲಿದರೂ ಸಂಬಂಧ ಮುರಿಯೋಣ ಅನ್ನುವ ಪೈಕಿ. ಐರಾಣಿಯಿಲ್ಲದ ಹಂದರದಲ್ಲಿ ನಮ್ಮ ಹುಡುಗ ಕಾಲಿಡುವುದಿಲ್ಲ ಎಂದು ಬೆಳಿಗ್ಗೆಯೇ ಸಾರಿದ್ದ. ಮೈತುಂಬ ಅರಿಷಿಣ ಹಚ್ಚಿಸಿಕೊಂಡ ಹುಡುಗಿ ಹಂದರದಲ್ಲಿ ಕೂತಿದ್ದಾಳೆ. ಐರಾಣಿ ಬರುವ ತನಕ ಅವಳ ಮೇಲೆ ಹನಿ ನೀರು ಬೀಳುವಂತಿಲ್ಲ. ಹಚ್ಚಿದ ಅರಿಷಿಣ ಒಣಗಿ ಚಕ್ಕೆ ಏಳುತ್ತಿದೆ.

ಅತ್ತೆಗೆ ಅವಸರ. ಕುಂಬಾರನಿಗೆ? ಹೊರಸಿನ ಮೇಲೆ ಮಧ್ಯಾಹ್ನದ ನಿದ್ದೆ. ಹಲಗೆಯವರು ಬಾರಿಸಿ ಬಾರಿಸಿ ಹಲಗೆ ಹರಿಯಿತು. ಊದಿ ಊದಿ ಸನಾದಿಯವನ ಕೆನ್ನೆ ಕುಂಬಳಕಾಯಿಯಾಯಿತು. ಆಗ ಇವನು ಒಂದು ಕಣ್ಣು ತೆರೆದ. ಏಳಲಿಲ್ಲ. ಮೊದಲು ತನಗೆ ಆರತಿಯಾಗಲಿ, ಆಮೇಲೆ ಉಳಿದ ಮಾತು ಎಂದ. ಅತ್ತೆ ಅದನ್ನೂ ಮಾಡಿದಳು. ಹುಡುಗಿಯ ಮುಖ ನೆನೆದು ಹಲ್ಲು ಕಚ್ಚಿಕೊಂಡು ಮಾಡಿದಳು. ಬಳಿಕ ಗಡಿಗೆಯೊಂದನ್ನು ಎತ್ತಿ, ಎಲ್ಲ ಹೆಂಗಸರೂ ನೋಡುವಂತೆ ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿದು ನೋಡಿದಳು. ಅಷ್ಟೇ.

ಅಷ್ಟಕ್ಕೇ ಅವನು ಗಡಿಗೆಯನ್ನು ಕಿತ್ತುಕೊಂಡ. ತನ್ನ ಗಡಿಗೆಯನ್ನು ಬಡಿದು ನೋಡುವಾಕೆ ಇನ್ನೂ ಹುಟ್ಟಿಲ್ಲವೆಂದ, ಐರಾಣಿ ಇಲ್ಲವೆಂದ, ಬಂದ ದಾರಿ ಹಿಡಿಯಿರಿ ಎಂದ. ಬೇರೆ ಕುಂಬಾರನ ಮನೆಗೆ ಹೋಗೋಣವೆಂದರೆ ಹೊಳೆ ದಾಟಬೇಕು. ಹೋಗಿ ಬರುವಷ್ಟರಲ್ಲಿ ಮುಹೂರ್ತವೇ ಮುಗಿದಿರುತ್ತದೆ. ಅತ್ತೆ ಕೈ ಮುಗಿದಳು. ತಪ್ಪಾಯಿತು ಎಂದಳು. ಮುಗಿದ ಕೈ ಕಂಡರೆ ಅವನು ಇಳಿಯುವ ಆಸಾಮಿಯೇ? ಇನ್ನಷ್ಟು ಮೇಲೇರಿದ.

"ಗಡಿಗ್ಯಾಗ ಏನೈತಿ ಬೇ? ಮಣ್ಣು. ಐರಾಣಿ ಅಂದ್ರ ನಾನು."

ಅತ್ತೆ ಮುಗಿದ ಕೈ ಇಳಿಸಿದಳು. ಹಿಂದೆ ನಿಂತ ಹೆಂಗಸರ ಕಡೆ ತಿರುಗಿದಳು.

"ಕೇಳಿದ್ರೇನ್ರವ್ವಾ? ಐರಾಣಿ ಅಂವನಂತ. ಹೊತಗೊಳ್ರಿ."

ನಮ್ಮ ಹೆಂಗಸರ ತೋಳಿನ ಬಲ ನಿಮಗೇನು ಗೊತ್ತು? ಹೊರಸು ಸಮೇತ ಎತ್ತಿದರು. ಹರಿದ ಹಲಗೆಯೇ ಮತ್ತೆ ಸದ್ದು ಮಾಡಿತು. ಇವನಿಗೆ ಭಯವಾಯಿತೇ? ಇಲ್ಲ, ಖುಷಿಯಾಯಿತು. ಕೊನೆಗೂ ತನ್ನ ಯೋಗ್ಯತೆ ಊರಿಗೆ ತಿಳಿಯಿತೆಂದು ಮೀಸೆ ತಿರುವಿದ. ದಾರಿಯುದ್ದಕ್ಕೂ ಜನ ಕೈ ಮುಗಿದರು, ಇವನು ಎರಡೂ ಕೈಯೆತ್ತಿ ಆಶೀರ್ವಾದ ಮಾಡಿದ. ಆ ಊರಿನ ನಾಯಿಗಳು ಕೂಡ ಬೊಗಳುವುದು ಬಿಟ್ಟು ಸಾಲಾಗಿ ನಿಂತಿದ್ದವಂತೆ.

ಹಂದರದಲ್ಲಿ ಇಳಿಸಿದರು. ಐರಾಣಿಗೆ ಏನೇನು ಮಾಡಬೇಕೋ ಅದೆಲ್ಲ ಶುರುವಾಯಿತು. ಹೊಟ್ಟೆಗೆ ಸುಣ್ಣ ಬಳಿದರು. ಮುಖಕ್ಕೆ ಕೆಮ್ಮಣ್ಣಿನ ಗೆರೆ ಎಳೆದರು. ಹಸಿ ಮರಳಿನ ಮೇಲೆ ಕೂರಿಸಿ ಕೊರಳಿಂದ ಮೊಣಕಾಲಿನವರೆಗೆ ದಾರ ಸುತ್ತಿದರು. ಬಾಯಿಗೆ ವೀಳ್ಯದೆಲೆ ಮುಚ್ಚಿ ಮೇಲೊಂದು ತೆಂಗಿನಕಾಯಿ ಒತ್ತಿ ಹಿಡಿದರು. ಏನೋ ಹೇಳಲು ಹೋದ. ಐರಾಣಿ ಮಾತಾಡಬಾರದು ಎಂದು ಗದರಿದರು. ಅರಿಷಿಣದ ಹುಡುಗಿ ಬೆಳಗಿನಿಂದ ಮೊದಲ ಸಲ ನಕ್ಕಳು.

ಅಷ್ಟರಲ್ಲಿ ಗಂಡಿನ ಕಡೆಯ ಆ ಹಿರಿಯ ಐರಾಣಿ ನೋಡಲು ಬಂದ. ಅತ್ತೆ ತೆಂಗಿನಕಾಯಿಯನ್ನು ಇನ್ನಷ್ಟು ಒತ್ತಿ ಹಿಡಿದಳು. ಅವನು ಬಗ್ಗಿ ನೋಡಿದ, ಮೂಸಿ ನೋಡಿದ.

"ಇದ್ಯಾಕ ಐರಾಣಿ ಕೆಮ್ಮಾಕತ್ತೈತಲ್ಲ?"

"ಹೊಸಾ ಮಣ್ಣು ನೋಡ್ರಿ ಮಾವಾರ, ಇನ್ನೂ ತ್ಯಾವ ಐತಿ," ಎಂದಳು ಅತ್ತೆ.

ಹಿರಿಯ ಸುಮ್ಮನಾಗುವವನೇ? ಮದುವೆ ಮುಗಿದ ಮೇಲೆ ಇದನ್ನು ಏನು ಮಾಡುವುದು ನಿಮ್ಮ ಮನೆಯ ಪದ್ಧತಿ ಎಂದು ಕೇಳಿದ. ಅತ್ತೆ ಹಿತ್ತಲಿನ ಕಡೆ ಕೈ ತೋರಿಸಿ, ಎಂದಿನಂತೆ ಬಾವಿಗೆ ಬಿಡುತ್ತೇವೆ ಎಂದಳು. ಆ ಬಾವಿ ಎಷ್ಟು ಆಳ ಅಂತೀರಿ? ಬೆಳಿಗ್ಗೆ ಬಿದ್ದ ಕೊಡದ ಸದ್ದು ಮಧ್ಯಾಹ್ನದ ಊಟಕ್ಕೆ ಕೇಳಿಸುತ್ತಿತ್ತು.

ತೆಂಗಿನಕಾಯಿ ಹಾರಿತು, ಎಲೆ ಹಾರಿತು.

"ಯಕ್ಕಾ, ನಾ ಐರಾಣಿ ಅಲ್ಲಬೇ. ನಾ ಬರೇ ಕುಂಬಾರ ಅದೀನಿ. ಐರಾಣಿ ಮನ್ಯಾಗದಾವು, ತರತೀನಿ, ಬಿಡ."

ಸುಣ್ಣ ಬಳಿದ ಹೊಟ್ಟೆಯಲ್ಲೇ ಓಡಿದ. ಎಲ್ಲಕ್ಕಿಂತ ಚೆಂದದ ಗಡಿಗೆಗಳನ್ನು ತಾನೇ ತಲೆಯ ಮೇಲೆ ಹೊತ್ತು, ಒಂದೂ ಅಲುಗದಂತೆ ತಂದಿಳಿಸಿದ. ಮಾಡಿದವನೇ ಹೊತ್ತು ತಂದ ಐರಾಣಿಯನ್ನು ನಿಮ್ಮ ಜನ್ಮದಲ್ಲಿ ಕಂಡಿದ್ದೀರಾ ಎಂದು ಅತ್ತೆ ಆ ಹಿರಿಯನನ್ನು ಕೇಳಿದಳು. ಅವನು ಕಂಡಿರಲಿಲ್ಲ. ತಪ್ಪು ಹುಡುಕಲು ಬಂದವನೇ ಹುಡುಗನನ್ನು ಹಂದರಕ್ಕೆ ಕರೆದ. ಹುಡುಗಿಯ ಮೇಲೆ ನೀರು ಬಿತ್ತು, ಮದುವೆ ಆಯಿತು.

ನಗುತ್ತಿದ್ದೀರಿ. ನಗಿ. ಕುಂಬಾರನಿಗೆ ತಾನೇ ಸುಣ್ಣ ಬಳಿದದ್ದು, ನಿಮಗೇನು?

ಈಗ ಹೇಳಿ. ಹಬ್ಬಕ್ಕೆ ಕೊಡುತ್ತೇನೆಂದು ರವಿಕೆ ಬಟ್ಟೆ ಇಟ್ಟುಕೊಂಡು, ಕೇಳಲು ಬಂದವಳ ಮೇಲೇ ರೇಗಿದ ದರ್ಜಿ ಇಲ್ಲಿದ್ದಾನೋ ಇಲ್ಲವೋ? ಕಚೇರಿಯ ಕಿಟಕಿಯ ಹಿಂದೆ ಕೂತು, ಎದುರಿಗೆ ನಿಂತ ಮುದುಕನಿಗೆ ಮುಖವನ್ನೂ ಎತ್ತದೆ ನಾಳೆ ಬಾ ಎಂದವರು? ಹಾಲು ನೀರಾಗಿದೆ ಎಂದರೆ, ಬೇಕಾದರೆ ಕುಡಿ ಎಂದವರು? ಜನ ನಿಮ್ಮೆದುರು ಕೈ ಮುಗಿಯುತ್ತಾರೆ, ನಿಜ. ಯಾಕೆ ಮುಗಿಯುತ್ತಾರೆ? ಅವರ ಮನೆಯಲ್ಲಿ ಯಾರೋ ಅರಿಷಿಣ ಹಚ್ಚಿಕೊಂಡು ಕಾಯುತ್ತಿದ್ದಾರೆ, ಅದಕ್ಕೆ. ಆ ನಮಸ್ಕಾರ ನಿಮ್ಮದಲ್ಲ. ನಿಮ್ಮ ಪಕ್ಕದಲ್ಲಿರುವ ಗಡಿಗೆಯದು.

ನಾಳೆ ಬಾಗಿಲಿಗೆ ಗಿರಾಕಿ ಬಂದರೆ ಮೊದಲು ಎದ್ದು ನಿಲ್ಲಿ. ಬನ್ನಿ ಅನ್ನಿ. ಕೆಲಸ ಆಗಿಲ್ಲವೇ? ಆಗಿಲ್ಲ ಎಂದು ನೇರವಾಗಿ ಹೇಳಿ, ಯಾವಾಗ ಆಗುತ್ತದೆಂದೂ ಹೇಳಿ. ಮಾಡಿದ ವಸ್ತುವನ್ನು ಬಡಿದು ನೋಡಿದರೆ ನೋಡಲಿ, ಇನ್ನೊಂದನ್ನು ನೀವೇ ಮುಂದೆ ಹಿಡಿಯಿರಿ. ಸೋರುತ್ತದೆಂದು ವಾಪಸು ತಂದರೆ ಒಳಗೆ ಕರೆದು ಬದಲಿಸಿಕೊಡಿ.

ನಾಳೆಯವರೆಗೆ ಯಾಕೆ ಕಾಯಬೇಕು? ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದದ ಪಂಕ್ತಿ. ಸೌಟು ಹಿಡಿಯುವ ಹಿರಿಯರೆಲ್ಲ ಸೊಂಟಕ್ಕೆ ಟವೆಲು ಕಟ್ಟಿ ಅಲ್ಲಿ ಸಿದ್ಧವಾಗಿದ್ದೀರಿ. ಸಂತೋಷ. ಆದರೆ ನೀವು ಪಾಯಸವಲ್ಲ. ಕೊನೆಯ ಸಾಲಿನ ಅಜ್ಜಿ ಇನ್ನೊಂದು ಸೌಟು ಕೇಳಿದರೆ ಹುಬ್ಬು ಗಂಟಿಕ್ಕದೆ ಹಾಕಿ. ಹಾಕಿ ಮುಂದೆ ಓಡಬೇಡಿ. ಬಗ್ಗಿ, ಅವಳ ಮುಖ ನೋಡಿ, ಸಾಕೇನು ತಾಯಿ ಎಂದು ಕೇಳಿ, ಅವಳು ಸಾಕು ಎನ್ನುವ ತನಕ ಅಲ್ಲೇ ನಿಲ್ಲಿ.