ಅಂಟು ಹಾಕಿದ ಗೋಪುರ

ಬಸ್ಸಿನ ಸಾಲಿನಲ್ಲಿ ನಿಂತಿದ್ದ ನರ್ಸಿಗೆ ಕಾಲು ಸೋತುಹೋಗಿತ್ತು. ಆದರೂ ಮುಂದೆ ನಿಂತಿದ್ದ ಶಿಶುವಿಹಾರದ ಟೀಚರು ಮತ್ತು ಆಯಾ ಆಡುತ್ತಿದ್ದ ಮಾತಿಗೆ ಕಿವಿ ತಾನಾಗಿಯೇ ನೆಟ್ಟಗಾಯಿತು.

“ಪುಟ್ಟಿ ಕಟ್ಟಿದ್ದ ಗೋಪುರದ ಮರದ ತುಂಡುಗಳಿಗೆ ಅಂಟು ಹಾಕಿದ್ದು ನೀವೇನಾ ಅಕ್ಕಾ?”

“ನಾನೇ ಮಿಸ್. ದಿನಾ ಬೀಳ್ತಿತ್ತು. ನೋಡಿ ಕರುಳು ಚುರುಕ್ ಅಂತು.”

“ಬೀಳ್ಲಿ ಅಂತಾನೇ ಬಿಟ್ಟಿದ್ದೆ. ಯಾಕೆ ಬಿತ್ತು ಅಂತ ಅವಳೇ ಹುಡುಕ್ತಿದ್ಲು. ನಿನ್ನೆ ಬುಡ ಅಗಲ ಮಾಡಿದ್ಲು, ದೊಡ್ಡ ತುಂಡು ಕೆಳಗಿಟ್ಲು.”

“ಕಟ್ಟಡ ಕಟ್ಟೋಕೆ ನಿಲ್ಸಿದ್ದ ಸಾರುವೆ ಕುಸಿದು ಅಪ್ಪನ್ನ ಕಳ್ಕೊಂಡಿರೋ ಮಗು. ಬೀಳೋದನ್ನ ಇನ್ನೂ ಎಷ್ಟು ಸಲ ನೋಡ್ಬೇಕು ಅದು?”



“ಇವತ್ತು ಅಲ್ಲಾಡಿಸಿ ನೋಡಿದ್ಲು. ಬೀಳ್ಲಿಲ್ಲ. ಬಿಕ್ಕಿ ಬಿಕ್ಕಿ ಅತ್ಲು.”

“ಅಯ್ಯೋ, ಅಳೋದ್ಯಾಕೆ?”

“‘ಅಪ್ಪನ ಸಾರುವೆ ಎಲ್ಲಿ ಸಡಿಲ ಇತ್ತು ಅಂತ ಇನ್ನು ನಂಗೆ ಹೇಗೆ ಗೊತ್ತಾಗುತ್ತೆ?’ ಅಂದ್ಲು.”

ಬಸ್ಸು ಬಂತು. ಆಯಾ ಹತ್ತಲಿಲ್ಲ.

“ಶಿಶುವಿಹಾರದ ಬೀಗದ ಕೈ ಕೊಡಿ ಮಿಸ್. ಬಿಸಿನೀರಲ್ಲಿ ನೆನೆಸಿದ್ರೆ ಅಂಟು ಬಿಡುತ್ತೆ.”

“ನಡೀರಿ, ನಾನೂ ಬರ್ತೀನಿ.”

ಇಬ್ಬರೂ ಬಂದ ದಾರಿಯಲ್ಲೇ ತಿರುಗಿ ನಡೆದರು. ಅವರು ಬಿಟ್ಟುಹೋದ ಜಾಗಕ್ಕೆ ಮುಂದೆ ಸರಿಯಲು ನರ್ಸಿಗೆ ಕಾಲೇ ಬರಲಿಲ್ಲ.