ದೊಡ್ಡ ಕ್ಯಾಮ್‌ಶಾಫ್ಟ್

ಅರವತ್ನಾಲ್ಕನೇ ಇಸವಿ. ಮದರಾಸಿನ ಕಾಲು ಮೈಲಿ ಮೋಟಾರ್ ಸೈಕಲ್ ರೇಸಿನಲ್ಲಿ ಸೋತು ಬಂದ ಮರುಳಸಿದ್ದಯ್ಯನಿಗೆ ಶಿರಾ ಬಸ್ ನಿಲ್ದಾಣದಲ್ಲಿ, ಅವನ ಎಂಜಿನ್ನಿನ ವಾಲ್ವು ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸಿ ದೊಡ್ಡದು ಹಾಕಿಕೊಟ್ಟಿದ್ದ ಮೆಕ್ಯಾನಿಕ್ ಇನಾಯತುಲ್ಲಾ ಎದುರಾದಾಗ ನಾನು ಪಕ್ಕದ ಬೆಂಚಿನಲ್ಲಿದ್ದೆ.

“ಹೊರಡುವಾಗ ಗಾಡಿಗೆ ಜೋರೇ ಇರ್ಲಿಲ್ಲ ಸಾಬ್ರೇ. ಜೋರು ಬರೋ ಹೊತ್ಗೆ ಎಲ್ರೂ ಮುಂದೆ ಹೋಗ್ಬುಟ್ಟಿದ್ರು.”

“ದೊಡ್ಡ ಕ್ಯಾಮ್‌ಶಾಫ್ಟ್ ಅಂಗೇ ಅಯ್ನೋರೇ. ಸ್ಪೀಡು ಏರಿದ್ಮೇಲೇ ಅದು ಕೆಲ್ಸ ಮಾಡೋದು.”

“ನಲವತ್ತು ಹಾರ್ಸ್ ಪವರ್ ಬತ್ತದೆ ಅಂದಿದ್ರಲ್ಲ?”

“ನನ್ನ ಲೆಕ್ಕಕ್ಕೆ ಇಪ್ಪತ್ತೆಂಟೇ ಬಂದಿತ್ತು. ಆ ಎಂಜಿನ್ನಿಗೆ ಚಿಕ್ಕದೇ ಸರಿ ಇತ್ತು.”

“ಮತ್ಯಾಕೆ ಹೇಳ್ಲಿಲ್ಲ?”

“ನಲವತ್ತು ಬರ್ತದಾ ಅಂತ ನೀವು ಅಷ್ಟು ಆಸೆಯಿಂದ ಕೇಳಿದ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.”

ಮರುಳಸಿದ್ದಯ್ಯ ಬಸ್ಸು ಬರುವ ದಾರಿಯ ಕಡೆ ತಿರುಗಿದಾಗ ಇನಾಯತುಲ್ಲಾನೇ ಮಾತು ಮುಂದುವರಿಸಿದ.

“ಚಿಕ್ಕದನ್ನ ನಿನ್ನೆ ಸಾಣೆ ಹಿಡಿದು ಇಟ್ಟಿದೀನಿ. ಗಾಡಿ ತನ್ನಿ, ಹಾಕಿಕೊಡ್ತೀನಿ.”

“ಗಾಡಿ ಅಲ್ಲೇ ಮಾರ್ಬುಟ್ಟೆ ಸಾಬ್ರೇ.”

ಮಧುಗಿರಿ ಬಸ್ಸು ಬಂತು. ಮರುಳಸಿದ್ದಯ್ಯ ಹತ್ತಿದ. ಇನಾಯತುಲ್ಲಾ ತಲೆ ತಗ್ಗಿಸಿಕೊಂಡು ಅಂಗಡಿಯ ಕಡೆ ನಡೆದ.